ಸಹಾಯ ಬೇಕು: ಆಸ್ಪತ್ರೆ ರಿಸೆಪ್ಷನಿಸ್ಟ್ ಕೆಲಸಕ್ಕೆ ಇಂಟರ್‌ವ್ಯೂ ಇದೆ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಬಿ.ಕಾಂ. ಆಗಿದೆ. ಮಗು ಹುಟ್ಟಿದ ಮೇಲೆ ಆರು ವರ್ಷ ಮನೆಯಲ್ಲೇ ಇದ್ದೆ. ಈಗ ಸರಸ್ವತಿಪುರಂನ ಒಂದು ನರ್ಸಿಂಗ್ ಹೋಂನಲ್ಲಿ ರಿಸೆಪ್ಷನಿಸ್ಟ್ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ. ಬರುವ ಸೋಮವಾರ ಇಂಟರ್‌ವ್ಯೂ.

ಮೊನ್ನೆ ಅರ್ಜಿ ಕೊಡಲು ಹೋದಾಗ ಸ್ವಲ್ಪ ಹೊತ್ತು ಅಲ್ಲೇ ಕೂತು ನೋಡಿದೆ. ಕೌಂಟರ್‌ನಲ್ಲಿದ್ದ ಹುಡುಗಿ ಒಂದು ಕಿವಿಯಲ್ಲಿ ಫೋನ್ ಒತ್ತಿಕೊಂಡೇ ಟೋಕನ್ ಬರೆಯುತ್ತಿದ್ದಳು. ಎದುರಿಗೆ ಒಬ್ಬ ಅಜ್ಜ, ಪ್ಲಾಸ್ಟಿಕ್ ಕವರ್‌ನಿಂದ ಹಳೇ ಚೀಟಿಗಳನ್ನೆಲ್ಲ ಟೇಬಲ್ ಮೇಲೆ ಹರಡಿ, "ನೋಡಮ್ಮ, ಯಾವ್ದು ಬೇಕೋ ತಗೋ" ಅಂದರು. ಅವಳು ಬೇಜಾರು ಮಾಡಿಕೊಳ್ಳದೆ ಬೇಕಾದ ಚೀಟಿ ಆರಿಸಿಕೊಂಡಳು. ನನಗೂ ಈ ಕೆಲಸ ಮಾಡಬೇಕು ಅಂತ ಆಗಲೇ ಗಟ್ಟಿಯಾಗಿ ಅನ್ನಿಸಿತು.

ಕನ್ನಡ, ತಮಿಳು ಚೆನ್ನಾಗಿ ಬರುತ್ತದೆ. ಇಂಗ್ಲಿಷ್ ಅರ್ಥವಾಗುತ್ತದೆ, ಮಾತಾಡುವಾಗ ತಡವರಿಸುತ್ತೇನೆ. ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡುತ್ತೇನೆ, ಎಕ್ಸೆಲ್ ಮಾತ್ರ ಮರೆತೇ ಹೋಗಿದೆ. ಆಯುಷ್ಮಾನ್ ಕಾರ್ಡ್ ಬಗ್ಗೆ ಕೇಳಬಹುದು ಅಂತ ಓದಿಕೊಳ್ಳುತ್ತಿದ್ದೇನೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ ಅನ್ನೋದು ಗೊತ್ತು. ಕೌಂಟರ್‌ನಲ್ಲಿ ಇನ್ನೇನು ತಿಳಿದಿರಬೇಕು?

ಆರು ವರ್ಷದ ಗ್ಯಾಪ್ ಬಗ್ಗೆ ಕೇಳಿದರೆ ಹೇಗೆ ಹೇಳಲಿ? ಇದೇ ನನಗೆ ಜಾಸ್ತಿ ಭಯ. ನೈಟ್ ಶಿಫ್ಟ್ ಆಗಲ್ಲ ಅಂತ ಮೊದಲೇ ಹೇಳಬೇಕಾ, ಕೆಲಸ ಸಿಕ್ಕ ಮೇಲಾ?

ಹೋದ ತಿಂಗಳು ಒಂದು ಏಜೆನ್ಸಿಯವರು ಕೆಲಸ ಕೊಡಿಸುತ್ತೇವೆ ಅಂತ 1,500 ರೂಪಾಯಿ ಕಟ್ಟಿಸಿಕೊಂಡು ಫೋನ್ ಎತ್ತೋದನ್ನೇ ನಿಲ್ಲಿಸಿದರು. ಹಾಗಾಗಿ ದಯವಿಟ್ಟು ಏಜೆಂಟರು ಮೆಸೇಜ್ ಮಾಡಬೇಡಿ. ಆಸ್ಪತ್ರೆ ಕೌಂಟರ್‌ನಲ್ಲಿ ಕೆಲಸ ಮಾಡಿದ ಅಕ್ಕಂದಿರು ಯಾರಾದರೂ ಇದ್ದರೆ ಇಲ್ಲೇ ಬರೆಯಿರಿ, ಭಾನುವಾರ ರಾತ್ರಿವರೆಗೂ ನೋಡುತ್ತಿರುತ್ತೇನೆ.