ಪದಚರ್ಚೆ: ವಿಶೇಷಣವು ನಾಮಪದದ ಲಿಂಗ, ವಚನಗಳನ್ನು ಅನುಸರಿಸುವುದಕ್ಕೆ ಏನೆನ್ನಬೇಕು?

ಬಳಗದವರಿಗೆ ನಮಸ್ಕಾರ.

ಕನ್ನಡದ ಮೂಲಕ ಸ್ಪ್ಯಾನಿಷ್ ಕಲಿಸುವ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ಸೋಮವಾರ ಅಚ್ಚಿಗೆ ಹೋಗಬೇಕು. ಮೂರನೆಯ ಪಾಠದ ತಲೆಬರಹ ಇನ್ನೂ ಖಾಲಿ ಇದೆ. ‘ಲಾ ಕಾಸಾ ಬ್ಲಾಂಕಾ’ ಎಂದರೆ ಬಿಳಿ ಮನೆ, ‘ಲಾಸ್ ಕಾಸಾಸ್ ಬ್ಲಾಂಕಾಸ್’ ಎಂದರೆ ಬಿಳಿ ಮನೆಗಳು. ಮನೆ ಸ್ತ್ರೀಲಿಂಗವಾದ್ದರಿಂದ ಬಿಳಿಯೂ ಸ್ತ್ರೀಲಿಂಗ. ಮನೆ ಹಲವಾದರೆ ಬಿಳಿಯೂ ಬಹುವಚನ. ಇದನ್ನು ಅವರು ‘ಕೊಂಕೊರ್ದಾನ್ಸಿಯಾ’ ಎನ್ನುತ್ತಾರೆ. ಕರಡಿನಲ್ಲಿ ‘ಲಿಂಗ-ವಚನ ಒಪ್ಪಂದ’ ಎಂದು ಬರೆದಿದ್ದೆ. ಅಕ್ಕನ ಮಗಳು ಓದಿ, ಆ ಪದದ ಅಡಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ‘ಯಾರು ಯಾರ ಜೊತೆ ಮಾಡಿಕೊಂಡ ಒಪ್ಪಂದ?’ ಎಂದು ಬರೆದಿಟ್ಟಳು. ಅವಳ ಪ್ರಶ್ನೆ ಸರಿಯಾಗಿದೆ.

ಇನ್ನೊಂದು ವಿಷಯ. ‘ಎಲ್ ಆಗ್ವಾ ಫ್ರಿಯಾ’ ಎಂದರೆ ತಣ್ಣೀರು. ‘ಎಲ್’ ಪುಲ್ಲಿಂಗದ್ದು, ‘ಫ್ರಿಯಾ’ ಸ್ತ್ರೀಲಿಂಗದ್ದು. ಇಲ್ಲಿ ನಿಯಮ ಮುರಿದಿದೆ ಎಂದು ಅಡಿಟಿಪ್ಪಣಿ ಕೊಡಲೇ?

*

ಹೊಸ ಪದ ಹುಡುಕುವ ಅಗತ್ಯವೇ ಇಲ್ಲ. ಸಂಸ್ಕೃತದ ಹಳೆಯ ನಿಘಂಟಾದ ಅಮರಕೋಶದ ಮೂರನೆಯ ಕಾಂಡ ಶುರುವಾಗುವುದೇ ವಿಶೇಷ್ಯನಿಘ್ನವರ್ಗದಿಂದ. ವಿಶೇಷ್ಯ ಎಂದರೆ ವಿಶೇಷಣ ಬಣ್ಣಿಸುವ ನಾಮಪದ. ನಿಘ್ನ ಎಂದರೆ ಅಧೀನ. ವಿಶೇಷ್ಯದ ಲಿಂಗಕ್ಕೆ ಅಧೀನವಾದ ಪದಗಳ ವರ್ಗ ಅದು. ಆ ಕೋಶದ ಹೆಸರೇ ನಾಮಲಿಂಗಾನುಶಾಸನ. ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳೇ ವಿಶೇಷಣಕ್ಕೂ ಎನ್ನುವ ‘ಯಲ್ಲಿಂಗಂ ಯದ್ವಚನಂ’ ಶ್ಲೋಕ ಬಾಯಿಗೆ ಬಂದವರಿಗೆ ಈ ಪಾಠ ಅರ್ಧ ಮುಗಿದಂತೆ. ಸ್ಪ್ಯಾನಿಷಿನಲ್ಲಿ ವಿಭಕ್ತಿ ಬಿಟ್ಟುಹೋಗಿದೆ, ಅಷ್ಟೇ. ಅವರ ‘ಲೋಸ್ ಪಾದ್ರೆಸ್’ ರೂಪದಲ್ಲಿ ತಂದೆಯ ಬಹುವಚನ, ಅರ್ಥದಲ್ಲಿ ತಂದೆತಾಯಿ. ತಂದೆಯ ಪದದಿಂದಲೇ ತಂದೆತಾಯಿ ಇಬ್ಬರನ್ನೂ ಹೇಳುವ ಸಂಸ್ಕೃತದ ನಮ್ಮ ‘ಪಿತರೌ’ ಇದಲ್ಲವೇ? ‘ಪಿತಾ ಮಾತ್ರಾ’ ಎಂದು ಪಾಣಿನಿ ಸೂತ್ರವನ್ನೇ ಮಾಡಿಟ್ಟಿದ್ದಾನೆ. ‘ವಿಶೇಷ್ಯಾಧೀನತೆ’ ಎಂದು ಹಾಕಿ, ಅಚ್ಚಿಗೆ ಕಳಿಸಿ.

*

ಮೂರನೆಯ ಪಾಠದಲ್ಲಿ ‘ವಿಶೇಷ್ಯಾಧೀನತೆ’ ಕಂಡ ಓದುಗ ನಾಲ್ಕನೆಯ ಪಾಠಕ್ಕೆ ಬರುವುದಿಲ್ಲ. ನಾಮಪದಕ್ಕೆ ಹೆಸರುಪದ, ಕ್ರಿಯಾಪದಕ್ಕೆ ಎಸಕಪದ ಎಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ದಾರಿ ಮಾಡಿಕೊಟ್ಟಮೇಲೂ ನಾವು ಅಮರಕೋಶದ ಬಾಗಿಲು ತಟ್ಟಬೇಕೇ? ಇಲ್ಲಿ ಬೇಕಾದುದು ‘ಒಪ್ಪು’. ಈ ಸೀರೆ ಅವಳಿಗೆ ಒಪ್ಪುತ್ತದೆ ಎನ್ನುತ್ತೇವೆ, ಮಾತಿಗೆ ಒಪ್ಪಿದರು ಎಂದೂ ಎನ್ನುತ್ತೇವೆ. ‘ಕೊಂಕೊರ್ದಾನ್ಸಿಯಾ’ದ ಬೇರಿನಲ್ಲಿರುವುದು ಲ್ಯಾಟಿನ್ನಿನ ‘ಕೋರ್’, ಅಂದರೆ ಎದೆ. ಎದೆಗೆ ಎದೆ ಕೂಡುವುದೇ ಒಪ್ಪುವುದು. ‘ಲಿಂಗ’ವನ್ನೂ ಕೈಬಿಡಿ.

*

ಕೈಬಿಟ್ಟು ಏನು ಹಾಕುತ್ತೀರಿ? ‘ಹೆಸರುಪದ’ದೊಳಗಿನ ‘ಪದ’ ಯಾವ ಭಾಷೆಯದು? ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನಿಗೆ ಬೇಕಾದ ‘ಲಿಂಗ’ ನಿಮಗೆ ಬೇಡವಾದರೆ ಚರ್ಚೆ ಇಲ್ಲಿಗೇ ಸಾಕು.

*

ಹಿರಿಯರಿಬ್ಬರೂ ಕ್ಷಮಿಸಬೇಕು. ಪದ ಯಾರ ಮನೆಯದೆಂದು ಕೇಳುತ್ತಿದ್ದೀರಿ. ಕಲಿಯುವವನು ಎಲ್ಲಿ ಎಡವುತ್ತಾನೆಂದು ಯಾರೂ ಕೇಳುತ್ತಿಲ್ಲ.

ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮನೆಗಳು. ನಮ್ಮ ‘ಒಳ್ಳೆಯ’ ಅಲುಗುವುದೇ ಇಲ್ಲ. ಅಲುಗುವುದು ಕ್ರಿಯಾಪದ: ಬಂದನು, ಬಂದಳು, ಬಂದಿತು. ಸ್ಪ್ಯಾನಿಷಿನಲ್ಲಿ ಇದು ತಿರುಗುಮುರುಗು. ‘ಆಬ್ಲಾ’ ಎಂದರೆ ಮಾತನಾಡುತ್ತಾನೆ ಎಂದೂ ಹೌದು, ಮಾತನಾಡುತ್ತಾಳೆ ಎಂದೂ ಹೌದು. ಲಿಂಗವೆಲ್ಲ ವಿಶೇಷಣದ ಮೇಲೆ. ಹಾಗಾಗಿ ಕನ್ನಡಿಗನಿಗೆ ಈ ವಿದ್ಯೆ ಗೊತ್ತಿಲ್ಲವೆಂದಲ್ಲ, ಅವನು ಅದನ್ನು ಬೇರೆ ಜಾಗದಲ್ಲಿ ಇಟ್ಟುಕೊಂಡಿದ್ದಾನೆ. ಪಾಠವನ್ನು ‘ಒಳ್ಳೆಯವನು, ಒಳ್ಳೆಯವಳು, ಒಳ್ಳೆಯವರು’ ಎಂದು ಶುರುಮಾಡಿ, ಎದುರಿಗೆ ‘ಬುಎನೊ, ಬುಎನಾ, ಬುಎನೋಸ್’ ಬರೆಯಿರಿ. ಮೇಷ್ಟ್ರು ವಿವರಿಸಬೇಕಾಗಿಯೇ ಇಲ್ಲ.

ಆದ್ದರಿಂದ ಬೇಕಾದ ಪದ ಅವರ ವಿಶೇಷಣಕ್ಕೂ ನಮ್ಮ ಕ್ರಿಯಾಪದಕ್ಕೂ ಸಲ್ಲಬೇಕು. ‘ವಿಶೇಷ್ಯಾಧೀನತೆ’ ವಿಶೇಷಣದಲ್ಲೇ ನಿಂತುಬಿಡುತ್ತದೆ. ‘ಅನ್ವಯ’ ಎಂದರೆ ಪದ್ಯವನ್ನು ಗದ್ಯದ ಕ್ರಮಕ್ಕೆ ಬಿಡಿಸುವುದು ನೆನಪಾಗುತ್ತದೆ. ‘ಹೊಂದಾಣಿಕೆ’ ಚುನಾವಣೆಯ ಮಾತಾಗಿಬಿಟ್ಟಿದೆ. ‘ಒಪ್ಪು’ ಚೆಲುವಾದ ಪದ, ನನಗೂ ಪ್ರೀತಿಯದು. ಆದರೆ ‘ಲಿಂಗದ ಒಪ್ಪು’ ಎಂದು ತಲೆಬರಹದಲ್ಲಿ ಓದಿದವರಿಗೆ ಏನೂ ತಿಳಿಯುವುದಿಲ್ಲ. ‘ಲಿಂಗ-ವಚನ ಹೊಂದಿಕೆ’ ಎನ್ನಿ.

ವಚನದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಹತ್ತು ಪುಸ್ತಕ ಎಂದರೆ ನಮಗೆ ಸಾಕು. ಅವರಿಗೆ ‘ದಿಯೆಸ್ ಲಿಬ್ರೋಸ್’ ಆಗಲೇಬೇಕು, ಕೆಂಪು ಪುಸ್ತಕಗಳಾದರೆ ‘ರೋಹೋಸ್’ ಕೂಡ. ಜನ ಬಂದರು ಎಂದು ನಾವು ಬಹುವಚನ ಹಚ್ಚುತ್ತೇವೆ. ಅವರ ‘ಲಾ ಹೆಂತೆ’ ಸ್ತ್ರೀಲಿಂಗ ಏಕವಚನ, ಎಷ್ಟು ಸಾವಿರ ಜನ ಸೇರಿದರೂ ಅಷ್ಟೇ.

‘ಆಗ್ವಾ’ದಲ್ಲಿ ನಿಯಮ ಮುರಿದಿಲ್ಲ, ಆ ಅಡಿಟಿಪ್ಪಣಿ ಬೇಡ. ಲ್ಯಾಟಿನ್ನಿನ ಸ್ತ್ರೀಲಿಂಗದ ‘ಇಲ್ಲಾ’ ಹಳೆಯ ಸ್ಪ್ಯಾನಿಷಿನಲ್ಲಿ ‘ಎಲಾ’ ಆಗಿ, ಸ್ವರ ಎದುರಾದಾಗ ‘ಎಲ್’ ಎಂದು ಮೊಟಕಾಯಿತು. ನಮ್ಮ ಲೋಪಸಂಧಿಯ ಸ್ವಭಾವದ್ದೇ. ಈಗ ಅದು ಒತ್ತಿ ಹೇಳುವ ‘ಆ’ದಿಂದ ಶುರುವಾಗುವ ಸ್ತ್ರೀಲಿಂಗ ನಾಮಪದಗಳ ಮುಂದೆ ಉಳಿದಿದೆ. ಬಹುವಚನ ಮಾಡಿ ನೋಡಿ: ‘ಲಾಸ್ ಆಗ್ವಾಸ್ ಫ್ರಿಯಾಸ್’. ಎಲ್ಲವೂ ಸ್ತ್ರೀಲಿಂಗ.

ಎರವಲಿನ ಜಗಳದ ಬಗ್ಗೆ ಒಂದು ಮಾತು. ಸಂಸ್ಕೃತದಲ್ಲಿ ಶರ್ಕರಾ ಸ್ತ್ರೀಲಿಂಗ. ಪ್ರಾಕೃತದ ದಾರಿಯಲ್ಲಿ ನಮ್ಮಲ್ಲಿಗೆ ಬಂದು ಸಕ್ಕರೆಯಾಯಿತು, ನಪುಂಸಕವಾಯಿತು. ಅದೇ ಪದ ಪಾರಸಿ, ಅರಬ್ಬಿಗಳನ್ನು ದಾಟಿ ಸ್ಪೇನ್ ಸೇರಿ ‘ಅಸೂಕರ್’ ಆಯಿತು. ಅಲ್ಲಿ ಅದನ್ನು ಪುಲ್ಲಿಂಗವಾಗಿಯೂ ಸ್ತ್ರೀಲಿಂಗವಾಗಿಯೂ ಬಳಸುತ್ತಾರೆ. ಪದಕ್ಕೆ ಲಿಂಗ ಕೊಟ್ಟವರು ಅದನ್ನು ದಿನವೂ ಬಳಸಿದವರು. ‘ಲಿಂಗ’ ಎಂಬ ಪದವನ್ನೂ ಕನ್ನಡ ಹಾಗೆಯೇ ತನ್ನದು ಮಾಡಿಕೊಂಡಿದೆ. ಅದನ್ನು ಹೊರಹಾಕುವುದೂ ತಪ್ಪು, ಅದು ಇದೆಯೆಂದು ಪಕ್ಕದಲ್ಲಿ ಇನ್ನಷ್ಟು ಸಂಸ್ಕೃತ ಪೇರಿಸುವುದೂ ತಪ್ಪು.

*

‘ಲಿಂಗ-ವಚನ ಹೊಂದಿಕೆ’ ಎಂದೇ ಹಾಕಿದೆ. ಪಾಠ ‘ಒಳ್ಳೆಯವನು, ಒಳ್ಳೆಯವಳು’ ಎಂದು ಶುರುವಾಗುತ್ತದೆ. ‘ಆಗ್ವಾ’ದ ಅಡಿಟಿಪ್ಪಣಿ ತೆಗೆದು, ಲೋಪಸಂಧಿಯ ಮಾತನ್ನು ಪಾಠದೊಳಗೇ ಸೇರಿಸಿದ್ದೇನೆ. ‘ಪಿತರೌ’ ಹೋಲಿಕೆಯನ್ನು ಶಿಕ್ಷಕರ ಟಿಪ್ಪಣಿಯಲ್ಲಿ ಇಟ್ಟುಕೊಂಡಿದ್ದೇನೆ. ‘ಎಲ್’, ‘ಲಾ’ಗಳನ್ನು ‘ಆರ್ಟಿಕಲ್’ ಎಂದೇ ಬಿಟ್ಟಿದ್ದೇನೆ; ಅದರ ಚರ್ಚೆಯನ್ನು ದಯವಿಟ್ಟು ಸೋಮವಾರದ ನಂತರ ಎತ್ತಿ.