‘ಫ್ರಿಗಾನ’ಕ್ಕೆ ಕನ್ನಡದಲ್ಲಿ ಏನನ್ನೋಣ? ‘ಪುಳ್ಳೆಗಾಡು’ ನಡೆಯುತ್ತಾ?

ಗೆಳೆಯರೇ,

ಗ್ರೀಸ್ ದೇಶದ ಗಿಡಮರಗಳ ಬಗ್ಗೆ ಮಕ್ಕಳಿಗೊಂದು ಸಣ್ಣ ಬರಹ ಬರೆಯುತ್ತಿದ್ದೇನೆ. ಎರಡು ದಿನದಿಂದ ಒಂದೇ ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಅಲ್ಲಿ ದೊಡ್ಡ ಕಾಡು ಬಿಟ್ಟರೆ ಮುಖ್ಯವಾಗಿ ಎರಡು ಬಗೆಯ ಹಸಿರು. ಒಂದು ‘ಮಾಕಿ’. ಆಳೆತ್ತರ, ಕೆಲವು ಕಡೆ ಅದಕ್ಕೂ ಜಾಸ್ತಿ, ವರ್ಷವಿಡೀ ಹಸಿರು, ನುಗ್ಗೋಕೆ ಆಗದಷ್ಟು ದಟ್ಟ. ಮುಳ್ಳೆಲೆಯ ಓಕ್, ಮ್ಯಾಸ್ಟಿಕ್, ಕಾಡು ಆಲಿವ್ ಎಲ್ಲ ಅದರಲ್ಲೇ. ಇನ್ನೊಂದು ‘ಫ್ರಿಗಾನ’. ಮೊಣಕಾಲೆತ್ತರದ ಥೈಮ್, ಸೇಜ್, ಮುಳ್ಳುಗಿಡಗಳು ಗುಬುರು ಗುಬುರಾಗಿ ಬೆಳೆದಿರುತ್ತವೆ, ನಡುನಡುವೆ ಕಲ್ಲುನೆಲ ಕಾಣುತ್ತದೆ. ಮಳೆ ಬರೋದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ, ಹಾಗಾಗಿ ಇವುಗಳಲ್ಲಿ ಹಲವು ಗಿಡಗಳು ಬೇಸಿಗೆ ಬರುವಾಗ ದೊಡ್ಡ ಎಲೆ ಉದುರಿಸಿ ಪುಟ್ಟ ಎಲೆಗಳಲ್ಲೇ ದಿನ ದೂಡುತ್ತವೆ. ನಾವು ಎರಡಕ್ಕೂ ‘ಕುರುಚಲು ಕಾಡು’ ಅಂದುಬಿಡುತ್ತೇವೆ. ನನಗಂತೂ ಕುರುಚಲು ಅಂದರೆ ಮೊದಲು ಗಡ್ಡವೇ ನೆನಪಾಗೋದು.

ಮಾಕಿಗೆ ‘ಮೆಳೆ’ ಸಾಕು ಅನಿಸುತ್ತದೆ. ತೊಡಕಿರೋದು ಫ್ರಿಗಾನದಲ್ಲಿ. ಕ್ರಿ.ಪೂ. 4ನೇ ಶತಮಾನದಲ್ಲೇ ಲೆಸ್ಬೋಸ್ ದ್ವೀಪದ ಥಿಯೊಫ್ರಾಸ್ಟಸ್, ಅರಿಸ್ಟಾಟಲನ ಜೊತೆಗಾರ, ಗಿಡಗಳನ್ನು ನಾಲ್ಕು ಪಾಲು ಮಾಡಿದ್ದ: ಮರ, ಪೊದೆ, ‘ಫ್ರಿಗಾನೊನ್’, ಸೊಪ್ಪುಸದೆ. ಅಂದರೆ ಇದು ಪೊದೆಗಿಂತ ಚಿಕ್ಕದು, ಸೊಪ್ಪಿಗಿಂತ ಗಟ್ಟಿ. ಅದೇ ಪದಕ್ಕೆ ಒಲೆ ಹೊತ್ತಿಸುವ ಒಣಕಡ್ಡಿ ಅನ್ನೋ ಅರ್ಥವೂ ಇದೆ. ಬೇರು ‘ಫ್ರಿಗೊ’, ಹುರಿ ಅಂತ. (ನಮ್ಮ ಪುರಿ, ಹುರಿ ನೆನಪಾಯ್ತಲ್ವಾ? ನನಗೂ ಆಯಿತು. ಸುಮ್ನೆ ದನಿ ಕೂಡಿದೆ ಅಷ್ಟೆ, ದಯವಿಟ್ಟು ಇಲ್ಲಿ ಅದರ ಚರ್ಚೆ ಶುರುಮಾಡಬೇಡಿ.)

ಒಣಕಡ್ಡಿಗೆ ನಮ್ಮಲ್ಲಿ ‘ಪುಳ್ಳೆ’ ಇದ್ದೇ ಇದೆ, ಸೌದೆ-ಪುಳ್ಳೆ ಅನ್ನುತ್ತೇವಲ್ಲ. ಹಾಗಾಗಿ ಒಂದೊಂದು ಗಿಡ ‘ಪುಳ್ಳೆಗಿಡ’, ಅದು ಹಬ್ಬಿದ ನೆಲ ‘ಪುಳ್ಳೆಗಾಡು’ ಅಂತ ಬರೆದುಕೊಂಡೆ. ಆಮೇಲೆ ಅನುಮಾನ ಬಂತು. ಪುಳ್ಳೆ ಅಂದರೆ ಸತ್ತ ಕಡ್ಡಿ. ಫ್ರಿಗಾನವೋ ವಸಂತದಲ್ಲಿ ಹೂವೋ ಹೂವು, ಅಲ್ಲಿನ ಹೆಸರುವಾಸಿ ಥೈಮ್ ಜೇನೂ ಈ ಗಿಡಗಳದ್ದೇ. ಗ್ರೀಸಿನ ಐದೂವರೆ ಸಾವಿರಕ್ಕೂ ಜಾಸ್ತಿ ಸಸ್ಯಜಾತಿಗಳಲ್ಲಿ ಸುಮಾರು ಐದರಲ್ಲೊಂದು ಬೇರೆಲ್ಲೂ ಇಲ್ಲ ಅಂತ ಮೇಲಿನ ಸಾಲಲ್ಲಿ ಬರೆದು, ಕೆಳಗೆ ‘ಪುಳ್ಳೆ’ ಅಂದರೆ ಮಕ್ಕಳು ಏನಂದುಕೊಂಡಾರು? ಆದರೆ ಗ್ರೀಕರೇ ಹಾಗೆ ಕರೆದಿದ್ದಾರಲ್ಲ!

ಇನ್ನೊಂದು ಪದ ಮಲೆನಾಡಿನ ‘ಹಕ್ಕಲು’, ಅಂದರೆ ಕಾಡು ಸವೆದು ಗಿಡಗಂಟಿ ಉಳಿದ ನೆಲ. ಫ್ರಿಗಾನವೂ ಎಷ್ಟೋ ಕಡೆ ಬೆಂಕಿ ಬಿದ್ದು, ಆಡು ಮೇದು ಉಳಿದ ನೆಲದಲ್ಲಿ ಬಂದಿದ್ದೇ. ಆ ಕಡೆಯವರು ಯಾರಾದರೂ ಹೇಳಿ, ನಿಮ್ಮ ಹಕ್ಕಲಿನಲ್ಲಿ ಗಿಡ ಎಷ್ಟೆತ್ತರ ಇರುತ್ತದೆ? ಮರ ಇದ್ದರೂ ಹಕ್ಕಲು ಅನ್ನುತ್ತೀರಾ?