ಕಡ್ಡಿಗೆ ಸುತ್ತಿದ ಬಿಸ್ಕಿಟ್ ಹಿಟ್ಟು ಹೊರಗೆ ಸೀದು ಒಳಗೆ ಹಸಿ: ತಪ್ಪು ಹಿಟ್ಟಿನದೋ, ಬೆಂಕಿಯದೋ?

ಮಿಶಿಗನ್ ಮಲೆನಾಡಿಗ:
ಕಳೆದ ವಾರಾಂತ್ಯದಲ್ಲಿ ನಾವು ನಾಲ್ಕು ಕನ್ನಡ ಕುಟುಂಬಗಳು ಮಿಶಿಗನ್ನಿನ ಉತ್ತರ ಭಾಗದ ಒಂದು ಕೆರೆಯ ದಂಡೆಯಲ್ಲಿ ಡೇರೆ ಹಾಕಿದ್ದೆವು. ಅಕ್ಕಪಕ್ಕದ ಮಕ್ಕಳು ಮಾರ್ಷ್‌ಮೆಲೊ ಎಂಬ ಮೆತ್ತನೆಯ ಸಕ್ಕರೆ ಮಿಠಾಯಿಯನ್ನು ಸುಟ್ಟು ತಿನ್ನುವಾಗ ನಮ್ಮ ಮಕ್ಕಳು ಸುಮ್ಮನೆ ನೋಡುತ್ತ ಕೂರಬೇಕಾಗುತ್ತದೆ, ಏಕೆಂದರೆ ಅದರಲ್ಲಿ ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಹಾಗಾಗಿ ಈ ಸಲ ಡಬ್ಬಿಯಲ್ಲಿ ಸಿಗುವ ಬಿಸ್ಕಿಟ್ ಹಿಟ್ಟನ್ನು ಕೊಂಡೊಯ್ದಿದ್ದೆವು. (ಚಹಾಕ್ಕೆ ಅದ್ದುವ ನಮ್ಮ ಬಿಸ್ಕತ್ತನ್ನು ಇಲ್ಲಿ ನೆನೆಯಬಾರದು, ಅಮೆರಿಕದ ಬಿಸ್ಕಿಟ್ ಎಂದರೆ ಬೇಕಿಂಗ್ ಪೌಡರಿನಿಂದ ಉಬ್ಬುವ, ಪದರ ಪದರವಾಗಿ ಬಿಡುವ ಒಂದು ಮೆತ್ತನೆಯ ತಿನಿಸು.) ಮಾರ್ಷ್‌ಮೆಲೊ ಚುಚ್ಚುವ ತಂತಿಗೇ ಒಂದೊಂದು ಉಂಡೆ ಚುಚ್ಚಿ ಉರಿಯ ಮೇಲೆ ಹಿಡಿದೆವು. ಎರಡೇ ನಿಮಿಷದಲ್ಲಿ ಹೊರಗೆಲ್ಲ ಕಪ್ಪಾಯಿತು. ಮುರಿದು ನೋಡಿದರೆ ಒಳಗೆ ಹಸಿ ಹಿಟ್ಟು ಅಂಟಂಟಾಗಿ ಎಳೆ ಬರುತ್ತಿತ್ತು. ಮುಂದಿನ ಸಲ ಹಿಟ್ಟನ್ನು ಮನೆಯಲ್ಲೇ ಕಲಸಿಕೊಂಡು ಹೋದರೆ ಸರಿಹೋಗಬಹುದೆ?

ಬರ್ಲಿನ್ ಬಾಣಸಿಗ:
ಡಬ್ಬಿಯ ಹಿಟ್ಟನ್ನು ಬಿಟ್ಟುಬಿಡಿ ಎಂಬುದೇ ನನ್ನ ನೇರ ಉತ್ತರ. ಜರ್ಮನಿಯಲ್ಲಿ ಇದಕ್ಕೆ ಷ್ಟೋಕ್‌ಬ್ರೋಟ್, ಅಂದರೆ ಕೋಲು ರೊಟ್ಟಿ, ಎಂದು ಹೆಸರು. ಶಿಶುವಿಹಾರದ ಮಕ್ಕಳು ಕೂಡ ಹೇಝಲ್ ಗಿಡದ ಉದ್ದನೆಯ ಕೋಲಿನ ಸಿಪ್ಪೆ ಹೆರೆದು, ತುದಿಗೆ ಯೀಸ್ಟ್ ಹಾಕಿ ಕಲಸಿದ ಹಿಟ್ಟನ್ನು ಹಾವಿನಂತೆ ಸುತ್ತಿ ಸುಡುತ್ತಾರೆ. ಡೆನ್ಮಾರ್ಕಿನಲ್ಲಿ ಇದೇ ತಿನಿಸನ್ನು ಸ್ನೋಬ್ರೋಡ್ ಎನ್ನುತ್ತಾರೆ. ಹೆಸರಿನಲ್ಲಿಯೇ ತಿರುಚುವ ಅರ್ಥವಿದೆ. ಚೆನ್ನಾಗಿ ನಾದಿದ ಯೀಸ್ಟ್ ಹಿಟ್ಟಿಗೆ ಎಳೆದಷ್ಟೂ ಬರುವ ಗುಣವಿರುವುದರಿಂದ ಅದು ಕೋಲನ್ನು ಬಿಗಿಯಾಗಿ ಹಿಡಿಯುತ್ತದೆ. ಬಿಸ್ಕಿಟ್ ಹಿಟ್ಟು ಬಿರುಕು ಬಿಟ್ಟು ಬೂದಿಗೆ ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಹಾಯೊ ಅಜ್ಜಿ:
ಬಾಣಸಿಗರೇ, ಯೀಸ್ಟ್ ಹಿಟ್ಟು ಉಬ್ಬಲು ಕಡಿಮೆಯೆಂದರೂ ಒಂದು ಗಂಟೆ ಬೇಕು. ಹಸಿದ ಮೊಮ್ಮಕ್ಕಳನ್ನು ಕಾಡಿನಲ್ಲಿ ಅಷ್ಟು ಹೊತ್ತು ಸುಮ್ಮನಿರಿಸುವುದು ಹೇಗೆಂದು ನೀವು ಹೇಳಲಿಲ್ಲ. ಡಬ್ಬಿಯ ಹಿಟ್ಟನ್ನು ಇಷ್ಟು ಹಗುರವಾಗಿ ಕಾಣಬೇಡಿ. ಕೆಂಟಕಿಯ ಲೂಯಿವಿಲ್‌ನ ಲೈವ್ಲಿ ವಿಲೊಬಿ ಎಂಬವರು 1931ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಮೇಲೆ ಹಿಟ್ಟು ಕಲಸುವ ಕೆಲಸವೇ ಇಲ್ಲದೆ ಬಿಸ್ಕಿಟ್ ಸುಡುವ ದಾರಿ ಆಯಿತು. ಮಲೆನಾಡಿಗರು ಉಂಡೆಯನ್ನು ಉಂಡೆಯಾಗಿಯೇ ಚುಚ್ಚಿದ್ದಾರೆ, ಕಾರಣ ಅಲ್ಲಿದೆ. ಅಷ್ಟು ದಪ್ಪದ ಕಡುಬನ್ನು ಉರಿಗೆ ಹಿಡಿದರೂ ಒಳಗೆ ಹಸಿಯೇ ಉಳಿಯುತ್ತಿತ್ತು. ಪೊರಕೆಯ ಹಿಡಿಯಷ್ಟು, ಅಂದರೆ ಸುಮಾರು ಎರಡೂವರೆ ಸೆಂಟಿಮೀಟರ್ ದಪ್ಪದ ಕೋಲು ತೆಗೆದುಕೊಳ್ಳಿ. ತುದಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಬೆಣ್ಣೆ ಸವರಿ, ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಅರ್ಧ ಸೆಂಟಿಮೀಟರಿಗಿಂತ ತೆಳುವು ಮಾಡಿ, ಕೋಲಿನ ತುದಿಗೆ ಟೋಪಿ ಹಾಕಿದಂತೆ ಹೊದಿಸಿ. ಬೆಂದ ಮೇಲೆ ಅದು ಪುಟ್ಟ ಲೋಟದಂತೆ ಕಳಚಿ ಬರುತ್ತದೆ, ಒಳಗೆ ಬೇಕಾದ್ದನ್ನು ತುಂಬಬಹುದು.

ಹಳೆಯ ಸ್ಕೌಟ್:
ಅಜ್ಜಿಯವರು ಹೇಳಿದ ದಪ್ಪ ಕೋಲಿನ ಮಾತಿಗೆ ಒಂದು ಹಳೆಯ ಸಾಕ್ಷಿಯಿದೆ. ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1908ರಲ್ಲಿ ಬರೆದ ಕೈಪಿಡಿಯಲ್ಲಿ, ದಪ್ಪನೆಯ ಕೋಲನ್ನು ಕಡಿದು, ತುದಿ ಚೂಪು ಮಾಡಿ, ಸಿಪ್ಪೆ ತೆಗೆದು, ಮೊದಲು ಕೋಲನ್ನೇ ಬೆಂಕಿಯಲ್ಲಿ ಕಾಯಿಸಿ, ಆಮೇಲೆ ಹಿಟ್ಟಿನ ಉದ್ದನೆಯ ಪಟ್ಟಿಯನ್ನು ಅದಕ್ಕೆ ಸುತ್ತಬೇಕೆಂದು ಹೇಳಲಾಗಿದೆ. ಕೋಲನ್ನು ಬೆಂಕಿಯ ಮೇಲೆ ಹಿಡಿಯದೆ ಪಕ್ಕದಲ್ಲಿ ನೆಲಕ್ಕೆ ನೆಟ್ಟು ಆಗಾಗ ತಿರುಗಿಸಬೇಕು. ಕಾದ ಕೋಲು ಹಿಟ್ಟಿಗೆ ಒಳಗಿನಿಂದಲೂ ಶಾಖ ಕೊಡುತ್ತದೆ. ತಣ್ಣನೆಯ ಕೋಲು ಶಾಖವನ್ನು ಹೀರಿಕೊಳ್ಳುತ್ತದೆ.

ನಮ್ಮ ಶಾಲೆಯ ಶಿಬಿರದಲ್ಲಿ ನಾವು ಚಪಾತಿ ಹಿಟ್ಟನ್ನೇ ಹೀಗೆ ಸುತ್ತಿದ್ದೆವು. ಉಬ್ಬಿಸಲು ಏನೂ ಹಾಕದಿದ್ದ ಕಾರಣ ಅದು ಬೆಂದ ಮೇಲೆ ಕೋಲು ಯಾವುದು, ರೊಟ್ಟಿ ಯಾವುದು ಎಂದು ಹಲ್ಲಿಗೆ ತಿಳಿಯದಂತಾಯಿತು. ಆದ್ದರಿಂದ ಬೇಕಿಂಗ್ ಪೌಡರನ್ನು ಬಿಡಬೇಡಿ.

ಸ್ಯಾನ್ ಹೋಸೆ ಸಸ್ಯಪ್ರಿಯೆ:
ಕೋಲು ಕಡಿಯಿರಿ ಎಂದು ಇಷ್ಟು ಸಲೀಸಾಗಿ ಹೇಳುವುದಕ್ಕೆ ನನ್ನ ಆಕ್ಷೇಪವಿದೆ. ಕ್ಯಾಲಿಫೋರ್ನಿಯಾದಲ್ಲಿ ಹೆದ್ದಾರಿಗಳ ನಡುವೆಯೂ ಕಣಗಿಲೆ ಬೆಳೆಸಿದ್ದಾರೆ, ನಮ್ಮ ಊರುಗಳಲ್ಲಂತೂ ಅದು ಪೂಜೆಯ ಹೂವು. ನೆಟ್ಟನೆಯ, ಬೆರಳು ದಪ್ಪದ ಅದರ ಕೊಂಬೆ ಕಂಡರೆ ಯಾರಿಗಾದರೂ ಕೈ ಹೋಗುತ್ತದೆ; ಆದರೆ ಎಲೆಯಿಂದ ಬೇರಿನವರೆಗೆ ಆ ಗಿಡವೆಲ್ಲ ವಿಷ, ಅದು ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಬೆಳೆದ ಮರದ ಕೊಂಬೆ ಮುರಿಯುವುದೂ ನಿಷಿದ್ಧ. ಅಂಗಡಿಯಲ್ಲಿ ಬಣ್ಣವಿಲ್ಲದ ಮರದ ಸಲಾಕೆ ಸಿಗುತ್ತದೆ, ಅದನ್ನು ಒಯ್ಯಿರಿ.

ಹಳೆಯ ಸ್ಕೌಟ್:
ಕಣಗಿಲೆ ಕೋಲಿಗೆ ಮಾಂಸ ಚುಚ್ಚಿ ಸುಟ್ಟು ತಿಂದು ನೆಪೋಲಿಯನ್ನನ ಸೈನಿಕರು ಸತ್ತರೆಂಬ ಕಥೆ ಬಾಯಿಂದ ಬಾಯಿಗೆ ಹರಿದು ಬಂದದ್ದು, ಅದನ್ನು ನಾನು ನಂಬುವುದಿಲ್ಲ. ಆದರೆ ಗಿಡ ವಿಷವೆನ್ನುವುದರಲ್ಲಿ ಸಂಶಯವಿಲ್ಲ, ನಿಮ್ಮ ಎಚ್ಚರಿಕೆಯನ್ನು ಒಪ್ಪುತ್ತೇನೆ.

ಮಿಶಿಗನ್ ಮಲೆನಾಡಿಗ:
ಇಲ್ಲಿ ಸೌದೆಯ ವಿಷಯದಲ್ಲಿಯೂ ಇಂಥದೇ ಶಿಸ್ತಿದೆ. 2002ರಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಪತ್ತೆಯಾದ ಹಸಿರು ಕೊರಕ ಹುಳು ಕೋಟಿಗಟ್ಟಲೆ ಆ್ಯಷ್ ಮರಗಳನ್ನು ತಿಂದುಹಾಕಿದೆ. ಅದು ಸೌದೆಯೊಂದಿಗೆ ಊರಿಂದೂರಿಗೆ ಸಾಗುವುದರಿಂದ ಡೇರೆ ಹಾಕುವ ಜಾಗದ ಬಳಿಯೇ ಸೌದೆ ಕೊಳ್ಳಿರಿ ಎನ್ನುತ್ತಾರೆ. ನಾವು ಹಾಗೆಯೇ ಕೊಂಡೆವು, ಅದು ಅರೆಹಸಿಯಾಗಿತ್ತು, ಉರಿ ಹೊಗೆಯಾಡುತ್ತಿತ್ತು. ಈಗ ನನಗೆ ತಪ್ಪು ಬೆಂಕಿಯದೇ ಎನ್ನಿಸುತ್ತಿದೆ.

ತೀರ್ಥಹಳ್ಳಿಯವಳು:
ಇಷ್ಟೊತ್ತೂ ಯಾರಾದರೂ ಕೆಂಡದ ಮಾತೆತ್ತುತ್ತಾರೆಂದು ಕಾಯುತ್ತಿದ್ದೆ. ನಮ್ಮಲ್ಲಿ ಅಕ್ಕಿ ರೊಟ್ಟಿಯನ್ನು ಕಾವಲಿಯ ಮೇಲೆ ಅರೆಬೇಯಿಸಿ, ಒಲೆಯ ಬಾಯಿಗೆ ಎಳೆದುಕೊಂಡ ಕೆಂಡಕ್ಕೆ ಹಿಡಿದು ಉಬ್ಬಿಸುತ್ತಾರೆ. ಉರಿಗೆ ಹಿಡಿದರೆ ಮಸಿ ಹತ್ತುತ್ತದೆಯೆಂದು ಗದರಿಸುತ್ತಾರೆ. ಉರಿ ಗಾಳಿಗೆ ಅತ್ತಿತ್ತ ಹೊರಳುತ್ತದೆ, ಕೆಂಡದ ಝಳ ಒಂದೇ ಸಮನಾಗಿ ಬರುತ್ತದೆ. ಮುಕ್ಕಾಲು ಗಂಟೆ ಉರಿಸಿ, ಸೌದೆ ಕುಸಿದು, ಮೇಲೆ ಬಿಳಿ ಬೂದಿ ಕೂತ ಮೇಲೆ ಅಂಗೈಯನ್ನು ಹಿಟ್ಟು ಹಿಡಿಯುವಷ್ಟು ಎತ್ತರದಲ್ಲಿ ಚಾಚಿ ನೋಡಿ. ಐದು ಎಣಿಸುವಷ್ಟರಲ್ಲಿ ಕೈ ಹಿಂದೆಗೆಯಬೇಕೆನ್ನಿಸಿದರೆ ಅದು ಹದ. ಎರಡಕ್ಕೇ ಎಳೆದುಕೊಂಡರೆ ಇನ್ನೂ ಕಾಯಬೇಕು.

ಬರ್ಲಿನ್ ಬಾಣಸಿಗ:
ಕೆಂಡದ ವಿಷಯದಲ್ಲಿ ನನಗೂ ತಕರಾರಿಲ್ಲ. ಆದರೆ ಅರೆಬೆಂದ ಹಿಟ್ಟನ್ನು ಮಕ್ಕಳು ತಿನ್ನುವ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 2016ರಲ್ಲಿ ಅಮೆರಿಕದಲ್ಲಿ ಹಸಿ ಮೈದಾಹಿಟ್ಟಿನಿಂದಲೇ ಇ. ಕೊಲೈ ಸೋಂಕು ಹಲವು ರಾಜ್ಯಗಳಿಗೆ ಹರಡಿತ್ತು. ಹಿಟ್ಟು ಪುಡಿಯಾಗಿದ್ದ ಮಾತ್ರಕ್ಕೆ ಬೆಂದದ್ದೆಂದು ತಿಳಿಯಬಾರದು.

ಒಹಾಯೊ ಅಜ್ಜಿ:
ಒಪ್ಪಿದೆ, ಅದನ್ನು ನಾನು ಮೊದಲೇ ಹೇಳಬೇಕಿತ್ತು. ಪರೀಕ್ಷೆ ಸುಲಭ: ಬೆಂದದ್ದು ಕೋಲಿನಿಂದ ತಾನಾಗಿ ಜಾರುತ್ತದೆ, ಹಸಿಯಿದ್ದದ್ದು ಹಾಳೆಗೆ ಅಂಟಿಕೊಂಡೇ ಇರುತ್ತದೆ. ಜಾರದಿದ್ದರೆ ಮತ್ತೆ ಕೆಂಡಕ್ಕೆ ಹಿಡಿಯಿರಿ, ಒಟ್ಟು ಎಂಟು ಹತ್ತು ನಿಮಿಷವಾದರೂ ಬೇಕು. ಡಬ್ಬಿ ಬೇಡವೆನ್ನುವವರಿಗೆ ನನ್ನ ಅಳತೆ: ಎರಡು ಲೋಟ ಮೈದಾ, ಮೂರು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಉಪ್ಪು, ನಾಲ್ಕು ದೊಡ್ಡ ಚಮಚ ತಣ್ಣನೆಯ ಬೆಣ್ಣೆ. ಇಷ್ಟನ್ನು ಮನೆಯಲ್ಲೇ ರವೆಯಂತಾಗುವವರೆಗೆ ಉಜ್ಜಿ, ಐಸ್ ಪೆಟ್ಟಿಗೆಯಲ್ಲಿ ಒಯ್ದು, ಅಲ್ಲಿ ಮುಕ್ಕಾಲು ಲೋಟಕ್ಕೆ ಸ್ವಲ್ಪ ಕಡಿಮೆ ಹಾಲು ಹಾಕಿ ಒಂದು ಕೂಡಿಸಿ. ಹೆಚ್ಚು ನಾದಬೇಡಿ.

ಮಿಶಿಗನ್ ಮಲೆನಾಡಿಗ:
ನಿನ್ನೆ ಸಂಜೆ ಮನೆಯ ಹಿತ್ತಲಿನ ಬೆಂಕಿಗುಂಡಿಯಲ್ಲಿ ಪ್ರಯೋಗ ಮಾಡಿದೆ. ಡಬ್ಬಿಯ ಹಿಟ್ಟು ಅದೇ, ಕೋಲು ಮಾತ್ರ ಹಳೆಯ ಪೊರಕೆಯ ಹಿಡಿಯನ್ನು ಗರಗಸದಿಂದ ಕತ್ತರಿಸಿ ಬಣ್ಣ ಹೆರೆದದ್ದು. ಉರಿ ಅಡಗುವವರೆಗೆ ಕಾಯುವುದೇ ಕಷ್ಟವಾಯಿತು. ಮಗಳು ಹತ್ತು ಸಲವಾದರೂ ಅಂಗೈ ಚಾಚಿ ಒಂದರಿಂದ ಐದು ಎಣಿಸಿದಳು. ಮೊದಲನೆಯದು ಒಂದು ಬದಿಗೆ ತುಸು ಸೀದಿತು, ನಾನು ಮಾತಿನಲ್ಲಿ ತಿರುಗಿಸುವುದನ್ನು ಮರೆತಿದ್ದೆ. ಎರಡನೆಯದು ಜೇನಿನ ಬಣ್ಣಕ್ಕೆ ತಿರುಗಿ, ಹಾಳೆಯ ಮೇಲಿಂದ ಸರ್ರನೆ ಜಾರಿ ನನ್ನ ತಟ್ಟೆಗೆ ಬಿತ್ತು. ಮಕ್ಕಳು ದಾಲ್ಚಿನ್ನಿ ಸಕ್ಕರೆ ತುಂಬಿಕೊಂಡರು, ನಾನು ತುಪ್ಪ ಮತ್ತು ಚಟ್ನಿಪುಡಿ ಹಾಕಿಕೊಂಡೆ.

ಬರ್ಲಿನ್ ಬಾಣಸಿಗ:
ಚಟ್ನಿಪುಡಿಗೆ ಯೀಸ್ಟ್ ಹಿಟ್ಟೇ ಹೆಚ್ಚು ಹೊಂದುತ್ತದೆ ಎಂಬ ನನ್ನ ಅಭಿಪ್ರಾಯ ಹಾಗೆಯೇ ಇದೆ.